ಆಸ್ಪತ್ರೆ ಮಂಚದ ಮೇಲೊಂದು ಸಹಿ: ಅಹ್ಮೆತ್ ಎರ್ಟೆಗುನ್ ಮತ್ತು ಹಾಡಿನ ದುಡ್ಡಿನ ಲೆಕ್ಕ

1949ರ ಜನವರಿ 12. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಚೆಸ್ಟರ್ ಎಂಬ ಊರಿನ ಆಸ್ಪತ್ರೆ. ರೂತ್ ಬ್ರೌನ್ ಎಂಬ ಗಾಯಕಿ ಮಂಚದ ಮೇಲಿದ್ದಾರೆ. ಅವತ್ತಿಗೆ ಅವರಿಗೆ ಸರಿಯಾಗಿ 21 ವರ್ಷ. ಮೂರು ತಿಂಗಳ ಹಿಂದೆ ನ್ಯೂಯಾರ್ಕಿಗೆ ಹೊರಟಾಗ ದಾರಿಯಲ್ಲಿ ಕಾರು ಅಪಘಾತವಾಗಿ ಕಾಲಿಗೆ ಭಾರಿ ಪೆಟ್ಟಾಗಿದೆ. ಆಗ ಕನ್ನಡಕ ಹಾಕಿದ 25 ವರ್ಷದ ಯುವಕನೊಬ್ಬ ಒಳಗೆ ಬರುತ್ತಾನೆ. ಕೈಯಲ್ಲಿ ಶ್ರುತಿ ನೋಡಿಕೊಳ್ಳುವ ಪುಟ್ಟ ಪೀಪಿ, ಸ್ವರಲಿಪಿ ಓದುವುದನ್ನು ಕಲಿಸುವ ಪುಸ್ತಕ, ಗೀಚಿಕೊಳ್ಳಲು ದೊಡ್ಡದೊಂದು ಬರೆಯುವ ಪ್ಯಾಡು. ಜೊತೆಗೆ ಒಂದು ಕರಾರು ಪತ್ರ. ರೂತ್ ಮಂಚದ ಮೇಲೇ ಸಹಿ ಹಾಕಿದರು.

ಆ ಯುವಕ ಅಹ್ಮೆತ್ ಎರ್ಟೆಗುನ್. ಅಟ್ಲಾಂಟಿಕ್ ರೆಕಾರ್ಡ್ಸ್ ಎಂಬ ಪುಟ್ಟ ಕಂಪನಿಯ ಪಾಲುದಾರ. ಮುಂದೆ ಇದೇ ಮನುಷ್ಯ ಗಾಯಕ ರೇ ಚಾರ್ಲ್ಸ್‌ನಿಂದ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ತನಕ ಅಮೆರಿಕದ ಸಂಗೀತದ ಅರ್ಧ ಶತಮಾನವನ್ನೇ ತಿದ್ದಿ ತೀಡಿದರು. ನನಗೆ ಅವರ ಬದುಕು ಬಹಳ ಇಷ್ಟ. ಅದಕ್ಕೆ ಅವರ ಹಿಟ್‌ಗಳು ಮಾತ್ರ ಕಾರಣವಲ್ಲ. ಒಂದು ಹಾಡಿನ ದುಡ್ಡು ಎಲ್ಲಿಂದ ಹುಟ್ಟಿ ಯಾರ ಜೇಬಿಗೆ ಹೋಗುತ್ತದೆ ಎಂಬ ಗೋಜಲು ಅವರ ವೃತ್ತಿಯನ್ನು ಒಂದೊಂದೇ ಹೆಜ್ಜೆ ಹಿಂಬಾಲಿಸಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಆಸ್ಪತ್ರೆಗೆ ಪೀಪಿ ತಂದದ್ದೂ ಕರಾರು ತಂದದ್ದೂ ಒಂದೇ ಕೈ. ಈ ಕಥೆಯಲ್ಲಿ ನೆನಪಿಡಬೇಕಾದದ್ದು ಅದೇ.

ಎರ್ಟೆಗುನ್ ಹುಟ್ಟಿದ್ದು 1923ರಲ್ಲಿ, ಇಸ್ತಾನ್‌ಬುಲ್‌ನಲ್ಲಿ. ತಂದೆ ಮುನೀರ್ ಟರ್ಕಿಯ ರಾಯಭಾರಿ. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಂಗ್ಲೆಂಡ್ ಎಂದು ತಿರುಗಿ ಕುಟುಂಬ 1935ರ ಹೊತ್ತಿಗೆ ವಾಷಿಂಗ್ಟನ್‌ಗೆ ಬಂತು. ಅದಕ್ಕೂ ಮೊದಲು, ಲಂಡನ್ನಿನಲ್ಲಿ, ಅಣ್ಣ ನೆಸುಹಿ ಪುಟ್ಟ ಅಹ್ಮೆತ್‌ನನ್ನು ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ವಾದ್ಯವೃಂದ ಕೇಳಲು ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಶುರುವಾಯಿತು ಹುಚ್ಚು. ವಾಷಿಂಗ್ಟನ್‌ನಲ್ಲಿ ಅಣ್ಣತಮ್ಮಂದಿರು ಕಪ್ಪು ಜನರ ಬೀದಿಗಳಲ್ಲಿ ಅಲೆದು ಹಳೆ ರೆಕಾರ್ಡು ಕೊಂಡುಕೊಂಡರು. ಸಂಗ್ರಹ 15,000 ದಾಟಿತು.

ಕಪ್ಪು ಜನ, ಬಿಳಿ ಜನ ಒಟ್ಟಿಗೆ ಕೂರುವುದೇ ಕಷ್ಟವಾಗಿದ್ದ ಕಾಲ ಅದು. ಇವರು ಜಾಝ್ ಕಲಾವಿದರನ್ನು ನೇರ ರಾಯಭಾರಿಯ ಮನೆಗೇ ಊಟಕ್ಕೆ ಕರೆಯುತ್ತಿದ್ದರು. ದಕ್ಷಿಣದ ಸೆನೆಟರ್ ಒಬ್ಬರು ತಂದೆಗೆ ಪತ್ರ ಬರೆದರಂತೆ, ಕಪ್ಪು ಜನ ನಿಮ್ಮ ಮನೆಯ ಮುಂಬಾಗಿಲಿನಿಂದ ಒಳಗೆ ಹೋಗುವುದನ್ನು ನೋಡಿದೆ ಎಂದು. ನಮ್ಮ ಮನೆಗೆ ಸ್ನೇಹಿತರು ಮುಂಬಾಗಿಲಿನಿಂದಲೇ ಬರುತ್ತಾರೆ, ತಮಗೆ ಬೇಕಿದ್ದರೆ ಹಿಂಬಾಗಿಲಿನ ವ್ಯವಸ್ಥೆ ಮಾಡುತ್ತೇವೆ ಎಂಬರ್ಥದ ಉತ್ತರ ಹೋಯಿತು. ಅಂಥ ಮನೆಯ ಮಗ ಎರ್ಟೆಗುನ್. ಮುಂದೆ ಅಟ್ಲಾಂಟಿಕ್ ಕಲಾವಿದರ ಜೊತೆ ನಡೆದುಕೊಂಡ ರೀತಿಗೆ ಈ ಮನೆಯೇ ಬೇರು ಎಂದು ನನ್ನ ನಂಬಿಕೆ. ಆದರೆ ಮನೆಯ ಸಂಸ್ಕಾರ ಕರಾರು ಪತ್ರದ ಒಳಗೆ ತಾನಾಗಿ ಇಳಿಯುವುದಿಲ್ಲ. ಅದನ್ನು ಆಮೇಲೆ ನೋಡೋಣ.

ತಂದೆ 1944ರಲ್ಲಿ ತೀರಿಕೊಂಡರು. ಮನೆಯವರು ಟರ್ಕಿಗೆ ಮರಳಿದರೂ ಅಣ್ಣತಮ್ಮ ಇಬ್ಬರೂ ಅಮೆರಿಕದಲ್ಲೇ ಉಳಿದರು. ಅಹ್ಮೆತ್ ತತ್ವಶಾಸ್ತ್ರ ಓದುತ್ತಿದ್ದರು. ಜೇಬಿನಲ್ಲಿ ಕಾಸಿಲ್ಲ. ಕೊನೆಗೆ ಕುಟುಂಬದ ದಂತವೈದ್ಯ ಡಾ. ವಹ್ದಿ ಸಾಬಿತ್ 10,000 ಡಾಲರ್ ಹಾಕಲು ಒಪ್ಪಿದರು. ಹರ್ಬ್ ಏಬ್ರಮ್‌ಸನ್ ಜೊತೆ ಸೇರಿ 1947ರಲ್ಲಿ ನ್ಯೂಯಾರ್ಕಿನ ಹೋಟೆಲ್ ಕೋಣೆಯೊಂದರಲ್ಲಿ ಅಟ್ಲಾಂಟಿಕ್ ಶುರುವಾಯಿತು. ಏಬ್ರಮ್‌ಸನ್ ಹೆಂಡತಿ ಮಿರಿಯಮ್ ಲೆಕ್ಕಪತ್ರ ನೋಡಿಕೊಂಡರು. ದುಡ್ಡಿನ ವಿಷಯದಲ್ಲಿ ಭಾರಿ ಖಡಕ್ ಹೆಂಗಸು. ಕಂಪನಿ ಮೊದಲ ವರ್ಷಗಳಲ್ಲಿ ಮುಳುಗದೆ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು, ಹೆಸರು ಮಾತ್ರ ಕಡಿಮೆ ಕೇಳಿಬರುತ್ತದೆ.

ಶುರುವಾಗುತ್ತಿದ್ದಂತೆಯೇ ವಿಘ್ನ. 1948ರ ಜನವರಿ 1ರಿಂದ ಯಾವ ವಾದ್ಯಗಾರರೂ ರೆಕಾರ್ಡಿಂಗ್‌ಗೆ ಬರಬಾರದು ಎಂದು ಅಮೆರಿಕದ ಸಂಗೀತಗಾರರ ಒಕ್ಕೂಟ ನಿಷೇಧ ಹೇರಿತು. ಹಾಗಾಗಿ ಉಳಿದ ಕೆಲವೇ ವಾರಗಳಲ್ಲಿ ಆದಷ್ಟು ಹಾಡು ಮುದ್ರಿಸಿ ಬುಟ್ಟಿಗೆ ಹಾಕಿಕೊಂಡರು. ಯಾವುದೂ ದೊಡ್ಡದಾಗಿ ಓಡಲಿಲ್ಲ.

ಮೊದಲ ಹಿಟ್ ಬಂದ ಬಗೆ ಚೆನ್ನಾಗಿದೆ. ನ್ಯೂ ಆರ್ಲಿಯನ್ಸ್‌ನ ವಿತರಕರೊಬ್ಬರು ಫೋನ್ ಮಾಡಿ, ಮಾರುಕಟ್ಟೆಯಲ್ಲಿ ಸಿಗದೇ ಹೋಗಿದ್ದ ಹಳೆಯದೊಂದು ರೆಕಾರ್ಡಿನ ಪ್ರತಿಗಳು ಬೇಕು ಎಂದರು. ಹಾಡಿದವನು ಸ್ಟಿಕ್ ಮೆಗೀ. ಎರ್ಟೆಗುನ್‌ಗೆ ಮೆಗೀ ಎಂಬ ಹೆಸರಿನ ಒಬ್ಬರೇ ಗೊತ್ತು: ನ್ಯೂಯಾರ್ಕಿನ ಬ್ಲೂಸ್ ಗಾಯಕ ಬ್ರೌನಿ ಮೆಗೀ. ಅವರಿಗೆ ಫೋನ್ ಹಚ್ಚಿದರು. ಸ್ಟಿಕ್ ನನ್ನ ತಮ್ಮ, ಇಲ್ಲೇ ಪಕ್ಕದಲ್ಲಿದ್ದಾನೆ ಎಂಬ ಉತ್ತರ ಬಂತು! ಅದೇ ಹಾಡನ್ನು ಹೊಸದಾಗಿ ಹಾಡಿಸಿದರು. 1949ರಲ್ಲಿ ಅದು ಓಡಿತು.

ಓಡಿತು ಅಂದರೆ ದುಡ್ಡು ಬಂತು ಅಂತ ಅಲ್ಲ. ಹೊರಗಿನವರಿಗೆ ಅರ್ಥವಾಗದ ಮೊದಲ ಸಂಗತಿ ಇದು. ಆ ಕಾಲದಲ್ಲಿ ಸಣ್ಣ ಲೇಬಲ್‌ಗೆ, ಅಂದರೆ ರೆಕಾರ್ಡ್ ಕಂಪನಿಗೆ, ಸ್ವಂತ ಕಾರ್ಖಾನೆ ಇಲ್ಲ, ಸ್ವಂತ ಅಂಗಡಿ ಇಲ್ಲ. ಡಿಸ್ಕ್ ಒತ್ತಿಕೊಡುವ ಕಾರ್ಖಾನೆಗೆ ದುಡ್ಡು ಕೂಡಲೇ ಎಣಿಸಬೇಕು. ಊರೂರಿನ ವಿತರಕರು ಮಾತ್ರ ಮಾಲು ತಗೊಂಡು ತಿಂಗಳುಗಟ್ಟಲೆ ಸತಾಯಿಸುತ್ತಾರೆ. ಮಾರಾಟವಾಗದೆ ಉಳಿದದ್ದನ್ನು ವಾಪಸು ಕಳಿಸುತ್ತಾರೆ. ಹಾಡು ಜಾಸ್ತಿ ಓಡಿದಷ್ಟೂ ಜಾಸ್ತಿ ಪ್ರತಿ ಒತ್ತಿಸಬೇಕು, ಜಾಸ್ತಿ ಸಾಲ ಮಾಡಬೇಕು. ಒಂದೇ ಒಂದು ದೊಡ್ಡ ಹಿಟ್ ಬಂದು ಅದರ ಭಾರಕ್ಕೇ ಮುರಿದು ಬಿದ್ದ ಸಣ್ಣ ಕಂಪನಿಗಳು ಎಷ್ಟೋ. ವಿತರಕ ಹಳೆ ಬಾಕಿ ಕೊಡಬೇಕಾದರೆ ಮುಂದಿನ ಹಿಟ್ಟೂ ನಿಮ್ಮಲ್ಲೇ ಇದೆ ಎಂದು ಅವನಿಗೆ ಅನ್ನಿಸಬೇಕು. ಹಾಗಾಗಿ ಲೇಬಲ್ ನಡೆಸುವವರಿಗೆ ನಿಲ್ಲಲು ಪುರಸೊತ್ತಿಲ್ಲ. ರೇಡಿಯೊದಲ್ಲಿ ಹಾಡು ಹಾಕಿಸಲು ಡಿಸ್ಕ್ ಜಾಕಿಗಳ ಕೈ ಬೆಚ್ಚಗೆ ಮಾಡುವ ಪದ್ಧತಿಯೂ ಇದೇ ಅವಸರದಿಂದ ಬೆಳೆಯಿತು. 1960ರಲ್ಲಿ ಅಮೆರಿಕ ಕಾನೂನು ತಂದು ಅದನ್ನು ಅಪರಾಧ ಮಾಡಿತು.

ಇಷ್ಟೆಲ್ಲದರ ನಡುವೆ ಎರ್ಟೆಗುನ್ ಬೇರೆಯವರಿಗಿಂತ ಭಿನ್ನವಾಗಿ ಕಾಣುವುದು ಕಿವಿಯ ವಿಷಯದಲ್ಲಿ. ಅವರಿಗೆ ವಾದ್ಯ ನುಡಿಸಲು ಬರುತ್ತಿರಲಿಲ್ಲ, ಸ್ವರಲಿಪಿ ಬರೆಯಲೂ ಬರುತ್ತಿರಲಿಲ್ಲ. 15,000 ರೆಕಾರ್ಡು ಮಾತ್ರ ತಲೆಯಲ್ಲಿತ್ತು. 1952ರಲ್ಲಿ ರೇ ಚಾರ್ಲ್ಸ್ ಎಂಬ ಕಣ್ಣಿಲ್ಲದ ಪಿಯಾನೊ ವಾದಕನ ಕರಾರನ್ನು ಸ್ವಿಂಗ್ ಟೈಮ್ ಎಂಬ ಇನ್ನೊಂದು ಲೇಬಲ್‌ನಿಂದ 2,500 ಡಾಲರ್‌ಗೆ ಕೊಂಡರು. ಆಗ ರೇ ಚಾರ್ಲ್ಸ್ ಹಾಡುತ್ತಿದ್ದದ್ದು ನ್ಯಾಟ್ ಕಿಂಗ್ ಕೋಲ್ ಅವರ ನಯವಾದ ಶೈಲಿಯಲ್ಲಿ. ಸೊಗಸಾಗಿತ್ತು, ಆದರೆ ಅದು ಇನ್ನೊಬ್ಬರ ದನಿ. 1953ರಲ್ಲಿ ಎರ್ಟೆಗುನ್ ತಾವೇ ಒಂದು ಕುಣಿಯುವ ಹಾಡು ಕಟ್ಟಿ, ತಾಲೀಮಿನಲ್ಲಿ ತಮ್ಮ ಒರಟು ಗಂಟಲಿನಲ್ಲೇ ಹಾಡಿ ತೋರಿಸಿದರು. ಆ ತಾಲೀಮಿನ ಧ್ವನಿಮುದ್ರಣ ಇವತ್ತಿಗೂ ಇದೆ. ಇವರು ಒಂದು ಸಾಲು ಗುನುಗುತ್ತಾರೆ, ಅತ್ತ ರೇ ಚಾರ್ಲ್ಸ್ ಬೆರಳುಗಳು ಹಳೆಯ ಬೂಗಿ ಪಿಯಾನೊದ ಉರುಳುವ ಲಯವನ್ನು ಹಿಡಿದೇಬಿಡುತ್ತವೆ.

ಅದಾದ ಮರುವರ್ಷ ರೇ ಚಾರ್ಲ್ಸ್ ಅಟ್ಲಾಂಟಾ ನಗರದಿಂದ ಕರೆ ಕಳಿಸಿದರು. ಎರ್ಟೆಗುನ್ ಮತ್ತು ಹೊಸ ಪಾಲುದಾರ ಜೆರ್ರಿ ವೆಕ್ಸ್‌ಲರ್ ಹೋಗಿ ನೋಡಿದರೆ, ವಾದ್ಯದವರೆಲ್ಲ ತಯಾರಾಗಿ ಕೂತಿದ್ದಾರೆ, ಹಾಡೂ ತಯಾರಾಗಿದೆ. ಚರ್ಚಿನ ಭಕ್ತಿಗೀತೆಯ ಉಸಿರು, ಮಾತು ಮಾತ್ರ ಪ್ರೇಮದ್ದು. ಇವರಿಬ್ಬರೂ ಏನನ್ನೂ ತಿದ್ದಲಿಲ್ಲ, ಒಂದು ರೇಡಿಯೊ ಕೇಂದ್ರದ ಸ್ಟುಡಿಯೊ ಹುಡುಕಿ ಮುದ್ರಿಸಿಕೊಂಡರು ಅಷ್ಟೆ. ಮುಂದೆ ಸೋಲ್ ಎಂದು ಕರೆಸಿಕೊಂಡ ಸಂಗೀತದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಯಾವಾಗ ಬಾಯಿ ಹಾಕಬೇಕು, ಯಾವಾಗ ಸುಮ್ನೆ ಇರಬೇಕು ಎಂದು ತಿಳಿಯುವುದೇ ಈ ಕೆಲಸದ ಅತಿ ಕಷ್ಟದ ಭಾಗ, ಅಲ್ವಾ? 1953ರಲ್ಲಿ ಬಾಯಿ ಹಾಕಿದರು, 1954ರಲ್ಲಿ ಸುಮ್ಮನಿದ್ದರು. ಎರಡೂ ಸರಿಯಾಗಿತ್ತು.

ಅವರ ಸ್ಟುಡಿಯೊ ಬಗ್ಗೆಯೂ ಹೇಳಲೇಬೇಕು. ನ್ಯೂಯಾರ್ಕಿನ 56ನೇ ಬೀದಿಯಲ್ಲಿ, ಒಂದು ಹೋಟೆಲಿನ ಮೇಲಿನ ಮಹಡಿ. ಹಗಲು ಅದು ಆಫೀಸು. ಸಂಜೆ ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ತಳ್ಳಿದರೆ ಅದೇ ಸ್ಟುಡಿಯೊ. ಕಿರುಗುಟ್ಟುವ ನೆಲ. ಇಂಜಿನಿಯರ್ ಟಾಮ್ ಡೌಡ್, ಹಿಂದೆ ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ಕೆಲಸ ಮಾಡಿದವರು. ಬೇರೆ ಕಂಪನಿಗಳು ಇನ್ನೂ ಎರಡು ಮೂರು ಟ್ರ್ಯಾಕ್‌ನಲ್ಲಿ ಒದ್ದಾಡುತ್ತಿದ್ದಾಗ, 1958ರ ಹೊತ್ತಿಗೇ ಅವರು ಎಂಟು ಟ್ರ್ಯಾಕಿನ ಟೇಪ್ ಯಂತ್ರ ತರಿಸಿಕೊಂಡಿದ್ದರು. ಒಂದೊಂದು ವಾದ್ಯಕ್ಕೂ ಬೇರೆ ಸಾಲು. ಆಮೇಲೆ ಡ್ರಮ್ಮು ಏರಿಸಬಹುದು, ಗಿಟಾರು ಇಳಿಸಬಹುದು. ಅಟ್ಲಾಂಟಿಕ್ ರೆಕಾರ್ಡುಗಳಲ್ಲಿ ಬೇಸ್ ಮತ್ತು ಡ್ರಮ್ ಅಷ್ಟು ಸ್ಪಷ್ಟವಾಗಿ ಎದೆಗೆ ಬಡಿಯುವುದರ ಹಿಂದೆ ಡೌಡ್ ಕೈಯಿದೆ.

ಈಗ ಗೋಜಲಿನ ಭಾಗಕ್ಕೆ ಬರೋಣ. ನೀವು ಕೇಳುವ ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇವೆ. ಒಂದು, ಸಾಹಿತ್ಯ ಮತ್ತು ಮಟ್ಟು. ಅದು ಬರೆದವರದು. ಇನ್ನೊಂದು, ಆ ದಿನ ಆ ಕೋಣೆಯಲ್ಲಿ ಆ ಗಂಟಲಿನಿಂದ ಬಂದ ಧ್ವನಿಯ ಮುದ್ರಣ. ಅದಕ್ಕೆ ಮಾಸ್ಟರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಖರ್ಚು ಮಾಡಿದ ಲೇಬಲ್‌ನದು. ಹಾಡಿದವರು ಎರಡಕ್ಕೂ ಒಡೆಯರಲ್ಲ. ಅವರಿಗೆ ಸಿಗುವುದು ಮಾರಾಟದ ಮೇಲಿನ ಸಣ್ಣ ಪಾಲು, ಅಂದರೆ ರಾಯಲ್ಟಿ.

1909ರ ಅಮೆರಿಕದ ಕಾನೂನಿನಂತೆ ಪ್ರತಿ ಡಿಸ್ಕಿಗೆ, ಪ್ರತಿ ಹಾಡಿಗೆ, ಬರೆದವರ ಕಡೆಗೆ 2 ಸೆಂಟ್ ಹೋಗಬೇಕಿತ್ತು. ಈ ದರ 1977 ಮುಗಿಯುವ ತನಕ ಹಾಗೆಯೇ ಇತ್ತು. ಎರ್ಟೆಗುನ್ ಹಾಡು ಬರೆಯುತ್ತಿದ್ದದ್ದಕ್ಕೆ ಪ್ರೀತಿ ಒಂದು ಕಾರಣ, ಈ ಲೆಕ್ಕ ಇನ್ನೊಂದು. ರೆಕಾರ್ಡಿನ ಮೇಲೆ ಅವರ ಹೆಸರು ಎ. ನುಗೆತ್ರೆ ಎಂದಿರುತ್ತಿತ್ತು. ಎರ್ಟೆಗುನ್ ಎಂಬುದನ್ನು ತಿರುಗಿಸಿ ಬರೆದದ್ದು. ರಾಯಭಾರಿ ಮನೆತನಕ್ಕೆ ಮುಜುಗರವಾಗಬಾರದಲ್ಲ.

ಧ್ವನಿಮುದ್ರಣಕ್ಕೆ ಮಾತ್ರ ಆಗ ಕೇಂದ್ರ ಕಾನೂನಿನ ರಕ್ಷಣೆಯೇ ಇರಲಿಲ್ಲ. ಅದರ ಬಿಸಿ ಅಟ್ಲಾಂಟಿಕ್‌ಗೇ ತಟ್ಟಿತು. ಲವರ್ನ್ ಬೇಕರ್ ಎಂಬ ಗಾಯಕಿ ಅಟ್ಲಾಂಟಿಕ್‌ಗೆ ಹಾಡಿದ್ದೊಂದು ಹಾಡನ್ನು 1955ರಲ್ಲಿ ಮರ್ಕ್ಯುರಿ ಎಂಬ ದೊಡ್ಡ ಕಂಪನಿ ಜಾರ್ಜಿಯಾ ಗಿಬ್ಸ್ ಎಂಬ ಬಿಳಿ ಗಾಯಕಿಯಿಂದ ಹಾಡಿಸಿತು. ವಾದ್ಯ, ಏರಿಳಿತ, ಎಲ್ಲ ಪಡಿಯಚ್ಚು. ಬಿಳಿಯರ ರೇಡಿಯೊಗಳಲ್ಲಿ ಅದೇ ಓಡಿತು. ಹಾಡು ಬರೆದವರಿಗೆ ಎರಡೂ ಕಡೆಯಿಂದ ದುಡ್ಡು ಬಂತು, ಮೊದಲು ಹಾಡಿದವರಿಗೆ ಏನೂ ಇಲ್ಲ. ಬೇಕರ್ ಸಂಸತ್ ಸದಸ್ಯರಿಗೆ ಪತ್ರ ಬರೆದು ಕಾನೂನು ಬದಲಿಸಿ ಎಂದರು. ಕೊನೆಗೂ ಧ್ವನಿಮುದ್ರಣಕ್ಕೆ ಕಾಪಿರೈಟ್ ಬಂದದ್ದು 1972ರ ಫೆಬ್ರವರಿ 15ರಿಂದ. ಅದೂ ಅವತ್ತಿನ ನಂತರದ ಮುದ್ರಣಗಳಿಗೆ ಮಾತ್ರ. ಇನ್ನೊಬ್ಬರು ಅನುಕರಿಸಿ ಹಾಡುವುದನ್ನು ಅದು ಕೂಡ ತಡೆಯುವುದಿಲ್ಲ.

ಇನ್ನು ರಾಯಲ್ಟಿಯ ಲೆಕ್ಕ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಡಿಸ್ಕಿಗೆ 1 ಡಾಲರ್, ಹಾಡಿದವರಿಗೆ ಶೇ. 5. ಅಂದರೆ 5 ಸೆಂಟ್. ಸ್ಟುಡಿಯೊ, ವಾದ್ಯದವರು ಎಂದು 2,000 ಡಾಲರ್ ಖರ್ಚಾಯಿತು ಅನ್ನಿ. ಈ ಖರ್ಚನ್ನು ಲೇಬಲ್ ಮೊದಲು ಹಾಕುತ್ತದೆ, ಆದರೆ ಕಲಾವಿದರ ಖಾತೆಯಲ್ಲಿ ಸಾಲ ಎಂದು ಬರೆಯುತ್ತದೆ. ಆ ಸಾಲ ತೀರುವುದು ಕಲಾವಿದರ 5 ಸೆಂಟ್‌ನಿಂದ. 40,000 ಡಿಸ್ಕ್ ಮಾರಾಟವಾದ ಮೇಲೆ ಅವರ ಖಾತೆ ಸೊನ್ನೆಗೆ ಬರುತ್ತದೆ. ಅಷ್ಟರಲ್ಲಿ ಲೇಬಲ್‌ಗೆ ಪ್ರತಿ ಡಿಸ್ಕಿನಿಂದಲೂ ತನ್ನ ಪಾಲು ಬಂದಿರುತ್ತದೆ. ಅಷ್ಟರಲ್ಲೇ ಮುಂದಿನ ರೆಕಾರ್ಡಿಂಗ್ ಆಗಿರುತ್ತದೆ, ಹೊಸ ಸಾಲ ಹಳೆ ಖಾತೆಗೆ ಸೇರುತ್ತದೆ. ಮೇಲೆ ಒಡೆದುಹೋಗುವ ಡಿಸ್ಕುಗಳ ಲೆಕ್ಕಕ್ಕೆ ಎಂದು ಶೇ. 10 ಕಡಿತ. ಅರಗಿನ ತಟ್ಟೆಗಳ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಒಡೆಯದ ಪ್ಲಾಸ್ಟಿಕ್ ಬಂದ ಮೇಲೂ ಆ ಕಡಿತ ಎಷ್ಟೋ ಕರಾರುಗಳಲ್ಲಿ ಹಾಗೇ ಉಳಿದುಕೊಂಡಿತು. ಹಾಡು ಹಿಟ್, ಹಾಡಿದವರು ಸಾಲಗಾರರು. ಅದು ಹೇಗೆ ಎಂದು ಕೇಳುವವರಿಗೆ ಉತ್ತರ ಇಷ್ಟೇ.

ಅಟ್ಲಾಂಟಿಕ್ ಈ ವಿಷಯದಲ್ಲಿ ಆ ಕಾಲದ ಅನೇಕ ಲೇಬಲ್‌ಗಳಿಗಿಂತ ಮೇಲು ಎನ್ನುತ್ತಾರೆ. ಕಪ್ಪು ಕಲಾವಿದರಿಗೆ ರಾಯಲ್ಟಿಯೇ ಇಲ್ಲದೆ ಕೈಗೆ ಒಂದಿಷ್ಟು ನೋಟು ತುರುಕಿ ಕಳಿಸುತ್ತಿದ್ದವರು ಬಹಳ ಮಂದಿ ಇದ್ದರು. ಆದರೆ ಮೇಲು ಅನ್ನುವುದು ಸಾಕು ಅನ್ನುವುದಕ್ಕೆ ಸಮವಲ್ಲ. 1950ರ ದಶಕದಲ್ಲಿ ರೂತ್ ಬ್ರೌನ್ ಹಾಡುಗಳು ಎಷ್ಟು ಮಾರಾಟವಾದವು ಎಂದರೆ, ಅಟ್ಲಾಂಟಿಕ್‌ಗೆ ರೂತ್ ಕಟ್ಟಿದ ಮನೆ ಎಂದೇ ಹೆಸರು ಬಂತು. 1961ರಲ್ಲಿ ಅವರು ಲೇಬಲ್ ಬಿಟ್ಟರು. ಕಷ್ಟದ ವರ್ಷಗಳಲ್ಲಿ ಮನೆಗೆಲಸ ಮಾಡಿದರು, ಶಾಲೆಯ ಬಸ್ ಓಡಿಸಿದರು. ರಾಯಲ್ಟಿ ಕೇಳಿದರೆ ನಿಮ್ಮ ಖಾತೆಯಲ್ಲೇ ಬಾಕಿ ಇದೆ ಎಂಬ ಉತ್ತರ.

ರೇ ಚಾರ್ಲ್ಸ್ ಮಾತ್ರ ಈ ಆಟವನ್ನು ಬೇಗ ಅರ್ಥಮಾಡಿಕೊಂಡರು. 1959ರಲ್ಲಿ ಎಬಿಸಿ-ಪ್ಯಾರಾಮೌಂಟ್ ಎಂಬ ಇನ್ನೊಂದು ಲೇಬಲ್ ಅವರಿಗೆ ಮಾಸ್ಟರ್‌ಗಳ ಒಡೆತನ ಬಿಟ್ಟುಕೊಡಲು ಒಪ್ಪಿತು. ಆಗ ಅಂಥ ಕರಾರು ಬಹಳ ಅಪರೂಪ. ಅವರು ಅಟ್ಲಾಂಟಿಕ್ ಬಿಟ್ಟು ಹೊರಟರು. ಎರ್ಟೆಗುನ್‌ಗೆ ಅದು ದೊಡ್ಡ ಪೆಟ್ಟು.

ಒಡೆತನ ಎಂಬ ಒಂದೇ ಪದಕ್ಕೆ ಎಷ್ಟು ತೂಕ ಎಂದು ತಿಳಿಯಬೇಕಾದರೆ ಸ್ಟ್ಯಾಕ್ಸ್ ಕಥೆ ಕೇಳಬೇಕು. ಮೆಂಫಿಸ್‌ನ ಹಳೆಯದೊಂದು ಚಿತ್ರಮಂದಿರದಲ್ಲಿ ಜಿಮ್ ಸ್ಟೂವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ನಡೆಸುತ್ತಿದ್ದ ಸಣ್ಣ ಲೇಬಲ್ ಅದು. ಅವರು ಮುದ್ರಿಸುತ್ತಾರೆ, ಅಟ್ಲಾಂಟಿಕ್ ದೇಶದ ತುಂಬ ಹಂಚುತ್ತದೆ. 1960ರಲ್ಲಿ ವೆಕ್ಸ್‌ಲರ್ ಜೊತೆ ಬರೀ ಬಾಯಿಮಾತಿನಲ್ಲಿ ಶುರುವಾದ ನಂಟು. 1965ರಲ್ಲಿ ಲಿಖಿತ ಕರಾರಾಯಿತು. ಸ್ಟೂವರ್ಟ್ ಅದನ್ನು ಪೂರ್ತಿ ಓದದೆ ಸಹಿ ಹಾಕಿದರು. ನಂಬಿಕೆ ಇತ್ತಲ್ಲ! 1967ರಲ್ಲಿ ಅಟ್ಲಾಂಟಿಕ್ ಕಂಪನಿಯೇ ವಾರ್ನರ್ ಬ್ರದರ್ಸ್-ಸೆವೆನ್ ಆರ್ಟ್ಸ್‌ಗೆ ಮಾರಾಟವಾಯಿತು. ಹೊಸದಾಗಿ ಕರಾರು ಮಾಡಲು ಕೂತಾಗ ಸ್ಟ್ಯಾಕ್ಸ್‌ನವರಿಗೆ ಎದೆ ಒಡೆಯುವ ವಿಷಯ ಗೊತ್ತಾಯಿತು. ಅಟ್ಲಾಂಟಿಕ್ ಹಂಚಿದ ಅಷ್ಟೂ ಹಾಡುಗಳ ಮಾಸ್ಟರ್ ಅಟ್ಲಾಂಟಿಕ್‌ನದು ಎಂದು ಕರಾರಿನಲ್ಲಿತ್ತು. ಅದರಲ್ಲಿ ಓಟಿಸ್ ರೆಡಿಂಗ್ ಹಾಡುಗಳೂ ಇದ್ದವು. ಓಟಿಸ್ 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಗಾಯಕನೂ ಹೋದ, ಅವನ ದನಿಯೂ ಕೈಬಿಟ್ಟಿತು. ಆ ಷರತ್ತು ವಕೀಲರು ಸೇರಿಸಿದ್ದು, ತನಗೆ ತಿಳಿದಿರಲಿಲ್ಲ ಎಂದು ವೆಕ್ಸ್‌ಲರ್ ನಂತರ ಹೇಳಿದರು. ಖಾಲಿ ಕಪಾಟು ತುಂಬಿಸಲು 1969ರಲ್ಲಿ ಸ್ಟ್ಯಾಕ್ಸ್ ಒಟ್ಟಿಗೇ 27 ಆಲ್ಬಮ್ ಹೊರತಂದಿತು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. 1975ರ ಕೊನೆಗೆ ದಿವಾಳಿ.

1967ರ ಅಟ್ಲಾಂಟಿಕ್ ಮಾರಾಟ ಎರ್ಟೆಗುನ್‌ಗೆ ಮನಸ್ಸಿನಿಂದ ಬೇಕಿರಲಿಲ್ಲ. ಪಾಲುದಾರರು ಒತ್ತಾಯಿಸಿದರು. ಬಂದದ್ದು 1 ಕೋಟಿ 75 ಲಕ್ಷ ಡಾಲರ್. ತೀರಾ ಅಗ್ಗಕ್ಕೆ ಮಾರಿಬಿಟ್ಟೆವು ಎಂದು ವೆಕ್ಸ್‌ಲರ್ ಮುಂದೆ ಪೇಚಾಡಿದರು. ವೆಕ್ಸ್‌ಲರ್ ಕರೆತಂದ ಗಾಯಕಿ ಅರೆಥಾ ಫ್ರಾಂಕ್ಲಿನ್ ಒಬ್ಬರ ಹಾಡುಗಳೇ ಆ ವರ್ಷ ಅಮೆರಿಕವನ್ನು ಅಲ್ಲಾಡಿಸುತ್ತಿದ್ದವು. ಎರ್ಟೆಗುನ್ ಮಾತ್ರ ಕಂಪನಿ ಬಿಡದೆ, ಮುಖ್ಯಸ್ಥರಾಗಿ ಮುಂದುವರಿದರು.

ಈ ಎರಡನೇ ಇನಿಂಗ್ಸ್‌ನಲ್ಲಿ ಅಧಿಕಾರ ಕಲಾವಿದರ ಕಡೆ ವಾಲಿತು. 1968ರಲ್ಲಿ ಲೆಡ್ ಝೆಪ್ಪೆಲಿನ್ ತಂಡ ತನ್ನದೇ ಖರ್ಚಿನಲ್ಲಿ ಮುದ್ರಿಸಿ, ಮುಗಿದ ಟೇಪ್ ಹಿಡಿದು ಬಂತು. ಲಕ್ಷ ಡಾಲರ್ ಮೀರಿದ ಅಡ್ವಾನ್ಸ್, ಆಲ್ಬಮ್ ಯಾವಾಗ ಬರಬೇಕು, ಮುಖಪುಟ ಹೇಗಿರಬೇಕು ಎಂಬುದರಲ್ಲೂ ತಮ್ಮದೇ ಮಾತು. ರೋಲಿಂಗ್ ಸ್ಟೋನ್ಸ್ ಅಂತೂ 60ರ ದಶಕದ ತಮ್ಮ ಮಾಸ್ಟರ್‌ಗಳನ್ನು ಮ್ಯಾನೇಜರ್ ಕೈಗೆ ಕಳೆದುಕೊಂಡು ಪಾಠ ಕಲಿತಿದ್ದರು. 1971ರಲ್ಲಿ ಸ್ವಂತ ಲೇಬಲ್ ಕಟ್ಟಿ, ಹಂಚುವ ಕೆಲಸ ಮಾತ್ರ ಅಟ್ಲಾಂಟಿಕ್‌ಗೆ ಕೊಟ್ಟರು. ನಿಮ್ಮ ಕಂಪನಿಗೇ ಬರುತ್ತೇವೆ ಎಂದು ತಂಡದ ಗಾಯಕ ಮಿಕ್ ಜ್ಯಾಗರ್ ಹೇಳುತ್ತಿದ್ದಾಗ ಎರ್ಟೆಗುನ್ ಕೂತಲ್ಲೇ ನಿದ್ದೆ ಹೋಗಿದ್ದರಂತೆ. ಅಂಗಲಾಚದ ಆ ಗತ್ತು ಜ್ಯಾಗರ್‌ಗೆ ಹಿಡಿಸಿತು ಎನ್ನುತ್ತಾರೆ. ಹುಡುಗರ ಜೊತೆ ರಾತ್ರಿಯಿಡೀ ಕ್ಲಬ್ಬಿನಲ್ಲಿ ಕೂರುವುದು, ಅವರ ಮಾತು ಕೇಳುವುದು, ಇದು ಅವರಿಗೆ ಆಫೀಸು ಕೆಲಸದಷ್ಟೇ ಮುಖ್ಯವಾಗಿತ್ತು. ಕೋಟುಗಳು ಮಾತ್ರ ಯಾವಾಗಲೂ ಒಬ್ಬ ರಾಯಭಾರಿಯ ಮಗನವೇ.

ರೂತ್ ಬ್ರೌನ್ ಸುಮ್ಮನೆ ಕೂರಲಿಲ್ಲ. 1980ರ ದಶಕದಲ್ಲಿ ಹೊವೆಲ್ ಬೆಗಲ್ ಎಂಬ ವಕೀಲರ ಜೊತೆ ಸೇರಿ ಹಳೆ ಖಾತೆಗಳನ್ನು ಕೆದಕಿದರು. ವರ್ಷಗಟ್ಟಲೆ ಹೋರಾಟ. ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ. ಕೊನೆಗೆ 1988ರಲ್ಲಿ, ಅಟ್ಲಾಂಟಿಕ್ ತನ್ನ 40ನೇ ವರ್ಷದ ದೊಡ್ಡ ಕಾರ್ಯಕ್ರಮ ನಡೆಸಿದ ಹೊತ್ತಿಗೆ, ಕಂಪನಿ ಮಣಿಯಿತು. ರೂತ್ ಮತ್ತು ಅವರ ಕಾಲದ ಇತರ ಕಲಾವಿದರ ಹಳೆ ಬಾಕಿ ಅಳಿಸಿ, ರಾಯಲ್ಟಿಯನ್ನು ಹೊಸದಾಗಿ ಲೆಕ್ಕ ಹಾಕಿತು. ಹಳೆ ಕಲಾವಿದರಿಗೆ ನೆರವಾಗಲು ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಎಂಬ ಸಂಸ್ಥೆ ಹುಟ್ಟಿತು, ಅದಕ್ಕೆ ಮೊದಲ ನಿಧಿ ಅಟ್ಲಾಂಟಿಕ್ ಕಡೆಯಿಂದಲೇ ಬಂತು. ಇದನ್ನು ಎರ್ಟೆಗುನ್ ಅವರ ದೊಡ್ಡತನ ಎಂದು ಬರೆಯುವವರಿದ್ದಾರೆ. ನಾನು ಹಾಗೆ ಬರೆಯಲಾರೆ. ಇಪ್ಪತ್ತೈದು ವರ್ಷ ತಡವಾದ ಲೆಕ್ಕ ಅದು, ಕೇಳಿ ಕೇಳಿ ಕೊಡಿಸಿಕೊಂಡದ್ದು. ಆದರೆ ಬೇರೆ ಎಷ್ಟೋ ಕಂಪನಿಗಳು ಆಗ ಅಷ್ಟನ್ನೂ ಮಾಡಿರಲಿಲ್ಲ ಎಂಬುದೂ ನಿಜ.

2006ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ರೋಲಿಂಗ್ ಸ್ಟೋನ್ಸ್ ಕಾರ್ಯಕ್ರಮಕ್ಕೆ ಹೋಗಿದ್ದ ಎರ್ಟೆಗುನ್ ತೆರೆಮರೆಯಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಆಗ ಅವರಿಗೆ 83. ಅವರು ಆಸ್ಪತ್ರೆಯಲ್ಲಿದ್ದಾಗಲೇ, ನವೆಂಬರ್ 17ರಂದು, ರೂತ್ ಬ್ರೌನ್ ತೀರಿಕೊಂಡರು. ಡಿಸೆಂಬರ್ 14ರಂದು ಎರ್ಟೆಗುನ್ ಹೋದರು. ಇಸ್ತಾನ್‌ಬುಲ್‌ನಲ್ಲಿ, ತಂದೆ ಮತ್ತು ಅಣ್ಣನ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು.

1972ಕ್ಕಿಂತ ಹಳೆಯ ಮುದ್ರಣಗಳಿಗೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಜಾಗ ಸಿಕ್ಕಿದ್ದು ಇಬ್ಬರೂ ಹೋದ ಮೇಲೆ, 2018ರಲ್ಲಿ. ಮಾಮೂಲಿ ರೇಡಿಯೊ ಇವತ್ತಿಗೂ ಅಲ್ಲಿ ಹಾಡಿದವರಿಗೆ ಕೊಡಬೇಕಾದ್ದು ಏನೂ ಇಲ್ಲ. ಇಂಟರ್‌ನೆಟ್ ರೇಡಿಯೊ ಮಾತ್ರ ಕೊಡಬೇಕು. ರೂತ್ ಬ್ರೌನ್ 1950ರಲ್ಲಿ ಹಾಡಿದ್ದೊಂದು ಹಾಡು ಅಲ್ಲಿ ಬಂದರೆ, ಬರುವ ಪ್ರತಿ 100 ಡಾಲರ್‌ನಲ್ಲಿ 50 ಮಾಸ್ಟರ್ ಇಟ್ಟುಕೊಂಡವರಿಗೆ, 45 ರೂತ್ ಅವರ ವಾರಸುದಾರರಿಗೆ, ಉಳಿದ 5 ಅವತ್ತು ಜೊತೆಯಲ್ಲಿ ನುಡಿಸಿದವರಿಗೆ ಮತ್ತು ಸಹಗಾಯಕರಿಗೆ. ಕಲಾವಿದರ ಪಾಲು ಲೇಬಲ್‌ನ ಹಳೆ ಖಾತೆಯ ಹತ್ತಿರವೂ ಸುಳಿಯದೆ ನೇರವಾಗಿ ಅವರ ಕೈ ಸೇರುತ್ತದೆ.